ಕರಿಬೇವಿನ ಗಿಡ ಬೋಳಾಗುತ್ತಿದೆ, ಹುಳಕ್ಕೆ ಔಷಧಿ ಹೊಡೆಯಲೋ ಬೇಡವೋ?

ಹಿತ್ತಲ ಬಾಗಿಲು (ಮೈಸೂರು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು 30/40 ಸೈಟಿನ ಮನೆ. ಹಿಂದೆ ಎಂಟಡಿ ಅಗಲದ ಹಿತ್ತಲು ಉಳಿದಿದೆ. ಬಟ್ಟೆ ಒಗೆಯುವ ಕಲ್ಲು, ಒಂದು ಕರಿಬೇವು, ಒಂದು ನಿಂಬೆ, ತುಳಸಿ, ಎರಡು ದಾಸವಾಳ, ಮೂಲೆಯಲ್ಲಿ ಬಾಳೆ. ಅಷ್ಟೇ. ಕೆಸರಾಗುತ್ತೆ ಅಂತ ಹೋದ ವರ್ಷ ಅರ್ಧ ಜಾಗಕ್ಕೆ ಸಿಮೆಂಟ್ ಹಾಕಿಸಿದೆವು.

ಈಗ ಕರಿಬೇವಿಗೆ ಹುಳ ಬಿದ್ದಿದೆ. ಮೊದಲು ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಅಂದುಕೊಂಡೆ. ಕಂದು ಬಣ್ಣ, ನಡುವೆ ಬಿಳಿ ಪಟ್ಟೆ. ನೀರು ಚಿಮುಕಿಸಿ ತೊಳೆಯಲು ಹೋದರೆ ಆ ಹಿಕ್ಕೆ ನಡೆಯಿತು! ನಾಲ್ಕೈದು ದಿನದಲ್ಲಿ ಕೆಲವು ಹಸಿರಾಗಿ ಕಿರುಬೆರಳಷ್ಟು ಆದವು. ನಿನ್ನೆ ಎಣಿಸಿದೆ, ಹನ್ನೊಂದು ಇವೆ. ಗಿಡದ ತುದಿಯೆಲ್ಲ ಬರೀ ಕಡ್ಡಿ.

ನಮ್ಮ ಅತ್ತೆಗೆ ದಿನಾ ಒಗ್ಗರಣೆಗೆ ಎಸಳು ಬೇಕು. ಅವರು ಬೇಜಾರು ಮಾಡಿಕೊಂಡಿದ್ದಾರೆ. ಪಕ್ಕದ ಮನೆಯವರು ಒಂದು ಔಷಧಿ ಬಾಟಲಿ ಕೊಟ್ಟು, ಲೀಟರಿಗೆ ಇಷ್ಟು ಹಾಕಿ ಹೊಡೆಯಿರಿ ಅಂದರು. ಬೆಳಿಗ್ಗೆ ಕಲೆಸಿಕೊಂಡು ಹೋಗಿ ನಿಂತೆ. ಕೊಂಬೆ ಹಿಡಿದು ಬಗ್ಗಿಸಿದ ಕೂಡಲೇ ಒಂದು ಹುಳ ತಲೆ ಎತ್ತಿ, ಕುತ್ತಿಗೆ ಹತ್ತಿರದಿಂದ ಕೆಂಪಗಿನ ಕವಲು ಕೊಂಬು ಹೊರಗೆ ಹಾಕಿತು. ಹುಳಿ ಹುಳಿ ವಾಸನೆ ಬಂತು. ನಾಲ್ಕನೇ ಕ್ಲಾಸಿನ ಮಗಳು ಹಿಂದೆ ನಿಂತಿದ್ದಳು. "ಅಮ್ಮಾ, ಹೊಡೀಬೇಡ, ಇದು ಚಿಟ್ಟೆ ಆಗುತ್ತೆ" ಅಂದಳು. ಬಾಟಲಿ ಕೆಳಗಿಟ್ಟೆ. ಅದು ಇನ್ನೂ ಕಲ್ಲಿನ ಮೇಲೇ ಇದೆ.

ನಿಜವಾಗಿಯೂ ಚಿಟ್ಟೆ ಆಗುತ್ತಾ? ಗಿಡ ಉಳಿಯುತ್ತಾ? ಇನ್ನೊಂದು ವಿಷಯ. ಚಿಟ್ಟೆ ಬರಲಿ ಅಂತಲೇ ನರ್ಸರಿಯಿಂದ ಹೂವಿನ ಕುಂಡ ತಂದಿಟ್ಟಿದ್ದೇನೆ, ದಪ್ಪ ಗುಲಾಬಿ, ಹಳದಿ ಎಲೆಯ ಬೇಲಿ ಗಿಡ, ಎಲ್ಲ ಇವೆ. ಒಂದು ಚಿಟ್ಟೆಯೂ ಕೂರಲ್ಲ. ನಂಜನಗೂಡಿನ ಹತ್ತಿರ ನಮ್ಮಜ್ಜಿ ಮನೆ ಹಿತ್ತಲಲ್ಲಿ ಯಾರೂ ಏನೂ ಮಾಡದೆ ಎಷ್ಟೊಂದು ಇರುತ್ತಿದ್ದವು. ಏನು ನೆಟ್ಟರೆ ಬರುತ್ತವೆ ಹೇಳಿ.

ಲಕ್ಕಿ ಬೇಲಿ (ಶಿವಮೊಗ್ಗ) ಬರೆದದ್ದು:

ಅಕ್ಕಾ, ಮೊದಲು ಆ ಬಾಟಲಿ ಮುಚ್ಚಳ ಬಿಗಿ ಮಾಡಿ ಮಕ್ಕಳ ಕೈಗೆ ಸಿಗದ ಕಡೆ ಇಡಿ. ಕಲೆಸಿದ ನೀರನ್ನು ಚರಂಡಿಗೆ ಚೆಲ್ಲಬೇಡಿ. ಅದೇ ಗಿಡದ ಎಲೆ ನೀವು ದಿನಾ ತಿನ್ನುತ್ತೀರಿ, ಅದೂ ನೆನಪಿರಲಿ.

ನಿಮ್ಮ ಮಗಳು ಹೇಳಿದ್ದು ಸರಿ. ಕರಿಬೇವಿನ ಮೇಲೆ ಹೀಗೆ ಬರುವುದು ಹೆಚ್ಚಾಗಿ ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆಯ ಮರಿ. ನಿಂಬೆ ಗಿಡದಲ್ಲಿ ಇದೇ ತರದ ಹುಳ ಕಂಡರೆ ನಿಂಬೆ ಚಿಟ್ಟೆಯೂ ಇರಬಹುದು. ಇವೆಲ್ಲ ಒಂದೇ ಬಳಗ, ನಿಂಬೆ, ಕರಿಬೇವು, ಬಿಲ್ವ ಪತ್ರೆ ಜಾತಿಯ ಎಲೆ ಬಿಟ್ಟರೆ ಬೇರೆ ಮುಟ್ಟುವುದಿಲ್ಲ. ನಿಮ್ಮ ದಾಸವಾಳಕ್ಕೋ ಬಾಳೆಗೋ ಹೋಗುತ್ತವೆ ಅನ್ನುವ ಭಯ ಬೇಡ. ಚಿಕ್ಕದಿದ್ದಾಗ ಹಿಕ್ಕೆಯ ಹಾಗೆ ಕಾಣುವುದು ಹಕ್ಕಿಗಳ ಕಣ್ಣು ತಪ್ಪಿಸಲು. ಕೆಂಪು ಕೊಂಬು ಇರುವೆ, ಕಣಜಗಳನ್ನು ಓಡಿಸಲು. ನಮಗೆ ಏನೂ ಆಗಲ್ಲ, ಮೈ ಮೇಲೆ ರೋಮ ಇಲ್ಲ, ತುರಿಕೆ ಇಲ್ಲ.

ನಿಮ್ಮ ಎರಡು ಪ್ರಶ್ನೆಗೆ ಉತ್ತರ ಒಂದೇ, ಗಮನಿಸಿದಿರಾ? ಚಿಟ್ಟೆ ಬೇಕು ಅಂತ ಹೂ ತಂದಿಟ್ಟಿರಿ. ಚಿಟ್ಟೆ ಬಂದದ್ದು ಎಲೆ ಹುಡುಕಿಕೊಂಡು. ಹೂವಿಗೆ ಬರುವ ಚಿಟ್ಟೆ ಕುಡಿದು ಹೋಗುತ್ತೆ. ಮರಿಗೆ ಎಲೆ ಇದ್ದ ಕಡೆ ಮಾತ್ರ ಮೊಟ್ಟೆ ಇಡುತ್ತೆ. ಅದಕ್ಕೆ ತಾಯಿ ಚಿಟ್ಟೆ ಎಲೆ ಮೇಲೆ ಕೂತು ಮುಂಗಾಲಿನಿಂದ ತಟ್ಟಿ ರುಚಿ ನೋಡುತ್ತೆ. ನೋಡಿ ಒಪ್ಪಿಗೆಯಾದ ಮೇಲೆ ಒಂದೊಂದೇ ಮೊಟ್ಟೆ. ನಿಮ್ಮ ಗಿಡ ಒಪ್ಪಿಗೆ ಆಗಿದೆ.

ಗಿಡ ಸಾಯುವುದಿಲ್ಲ. ಬಲಿತ ಕರಿಬೇವು ಮತ್ತೆ ಚಿಗುರುತ್ತೆ. ಬೋಳಾದ ತುದಿಗಳನ್ನು ಆಮೇಲೆ ಸ್ವಲ್ಪ ಕತ್ತರಿಸಿ ಬುಡಕ್ಕೆ ಹುಳಿ ಮಜ್ಜಿಗೆ ಹಾಕಿ, ನಮ್ಮ ಕಡೆ ಹಾಗೆ ಮಾಡುತ್ತಾರೆ. ಅತ್ತೆಯವರಿಗೆ ಒಂದು ದಾರಿ ಇದೆ. ದೊಡ್ಡ ಗಿಡದ ಬೇರಿನಿಂದ ಎದ್ದ ಮರಿ ಸಸಿ ಹತ್ತಿರದಲ್ಲೇ ಇರುತ್ತೆ, ಹುಡುಕಿ. ಒಂದನ್ನು ಬೇರು ಸಮೇತ ತೆಗೆದು ಕುಂಡಕ್ಕೆ ಹಾಕಿ, ಹಳೆಯ ಸೊಳ್ಳೆ ಪರದೆ ತುಂಡು ಹೊದಿಸಿ. ಅದು ಅಡುಗೆಮನೆಯದು. ದೊಡ್ಡದು ಚಿಟ್ಟೆಯದು. ನಮ್ಮಮ್ಮನಿಗೂ ನನಗೂ ಜಗಳ ನಿಂತದ್ದು ಹೀಗೇ.

ಬೇವಿನ ಎಣ್ಣೆ ಪರವಾಗಿಲ್ಲ ಅಲ್ವಾ ಅಂತ ಕೇಳುವವರು ಇದ್ದಾರೆ. ಮರಿಹುಳಕ್ಕೆ ಅದೂ ಔಷಧಿಯೇ. ಚಿಟ್ಟೆ ಬೇಕಾದ ಗಿಡಕ್ಕೆ ಅದೂ ಬೇಡ.

ಇನ್ನು ನರ್ಸರಿ ಕುಂಡ. ದಪ್ಪ ಗುಲಾಬಿಯಲ್ಲಿ ಎಸಳೇ ಎಸಳು, ಜೇನಿಗೆ ಪರಾಗ ಸಿಗುವ ಜಾಗವೇ ಇಲ್ಲ. ಅದರ ಬದಲು ಬೇಲಿ ಪಕ್ಕ ಎರಡು ಲಕ್ಕಿ ಕಡ್ಡಿ ಚುಚ್ಚಿ. ಕಾಮಕಸ್ತೂರಿ ಬೀಜ ಚೆಲ್ಲಿ. ತುಂಬೆ ತಾನಾಗಿ ಹುಟ್ಟುತ್ತೆ, ಕಳೆ ಅಂತ ಕೀಳದಿದ್ದರೆ ಸಾಕು. ತುಳಸಿಯ ಕದಿರು ಪೂರ್ತಿ ಚಿವುಟಬೇಡಿ, ನಾಲ್ಕು ಬಿಡಿ. ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿ, ತುಡುವೆ ಜೇನು, ಕೋಲುಜೇನು ಎರಡೂ ಅಲ್ಲಿರುತ್ತವೆ.

ಬಯಲುಸೀಮೆ ರೈತ (ಚಿತ್ರದುರ್ಗ ಜಿಲ್ಲೆ) ಬರೆದದ್ದು:

ಮೇಡಂ, ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಸಿಮೆಂಟಿನ ಬಗ್ಗೆ ಮಾತ್ರ ಹೇಳುತ್ತೇನೆ.

ಜೇನು ಅಂದರೆ ನಮಗೆ ಗೂಡು, ತುಪ್ಪ ಇಷ್ಟೇ ಗೊತ್ತು. ಆದರೆ ಒಂಟಿಯಾಗಿ ಬದುಕುವ ಜೇನುಗಳೇ ಜಾಸ್ತಿ ಬಗೆ. ಅವುಗಳಲ್ಲಿ ಬಹಳಷ್ಟು ನೆಲದಲ್ಲಿ ತೂತು ಕೊರೆದು ಮರಿ ಮಾಡುತ್ತವೆ. ನೆಲ ಮುಚ್ಚಿದರೆ ಅವಕ್ಕೆ ಮನೆ ಇಲ್ಲ.

ನನಗೆ ಇದು ಗೊತ್ತಾದದ್ದು ಬದನೆ ಗಿಡದಲ್ಲಿ. ಬದನೆ ಹೂವಿನ ನಡುವೆ ಹಳದಿ ಕೊಳವೆಗಳಿವೆ ನೋಡಿ, ಪರಾಗ ಅದರೊಳಗೆ ಇರುತ್ತೆ. ತುದಿಯಲ್ಲಿ ಸೂಜಿ ಮೊನೆಯಷ್ಟು ತೂತು. ತುಡುವೆ ಜೇನಿಗೆ ಅದನ್ನು ಉದುರಿಸಲು ಬರಲ್ಲ. ಮೈ ಮೇಲೆ ನೀಲಿ ಪಟ್ಟೆ ಇರುವ ಒಂದು ಜೇನು ಬರುತ್ತೆ. ಹೂವನ್ನು ತಬ್ಬಿ ಹಿಡಿದು ರೆಕ್ಕೆ ಆಡಿಸದೆಯೇ ಮೈಯನ್ನು ಜುಂಯ್ ಅಂತ ನಡುಗಿಸುತ್ತೆ. ಹಾರುವ ಸದ್ದು ಬೇರೆ, ಇದು ಬೇರೆ, ಸ್ವಲ್ಪ ಕೀರಲು. ಪರಾಗ ಹಿಟ್ಟಿನ ಹಾಗೆ ಅದರ ಹೊಟ್ಟೆ ಮೇಲೆ ಉದುರುತ್ತೆ. ಟೊಮೆಟೊಗೂ ಹೀಗೇ. ದೊಡ್ಡ ಕಪ್ಪು ದುಂಬಿಗೂ ಈ ವಿದ್ಯೆ ಬರುತ್ತೆ, ಅದು ಒಣ ಮರ ಕೊರೆದು ಮನೆ ಮಾಡುತ್ತೆ.

ನೀಲಿ ಪಟ್ಟೆ ಜೇನಿನ ಗಂಡುಗಳನ್ನು ಮುಸ್ಸಂಜೆ ಹೊತ್ತಲ್ಲಿ ನೋಡಬೇಕು. ಒಣಗಿದ ಕಡ್ಡಿಯೊಂದನ್ನು ಬಾಯಲ್ಲಿ ಕಚ್ಚಿ ಹಿಡಿದು ಸಾಲಾಗಿ ಮಲಗುತ್ತವೆ. ನಮ್ಮ ಬದುವಿನ ಮೇಲೆ ಒಂದೇ ಕಡ್ಡಿಯಲ್ಲಿ ಏಳು ಎಣಿಸಿದ್ದೇನೆ. ಅವತ್ತಿನಿಂದ ಒಣ ಕಡ್ಡಿ ಅಂತ ಎಲ್ಲವನ್ನೂ ಸವರಿ ಸುಡುವುದು ಬಿಟ್ಟೆ.

ಅದಕ್ಕೆ ಬಿಸಿಲು ಬೀಳುವ ಕಡೆ ಎರಡಡಿ ನೆಲವಾದರೂ ಬರೀ ಮಣ್ಣು ಬಿಡಿ. ಅಗೆಯಬೇಡಿ. ನೀರು ನಿಲ್ಲಬಾರದು. ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ಕಲ್ಲಿನ ನೆತ್ತಿ ಕಾಣುವಷ್ಟು ನೀರಿಡಿ, ಜೇನು ಕೂತು ಕುಡಿಯಲಿ. ಎರಡು ದಿನಕ್ಕೊಮ್ಮೆ ಚೆಲ್ಲಿ ಬೇರೆ ಹಾಕಿದರೆ ಸೊಳ್ಳೆ ಆಗಲ್ಲ. ಹೀರೆ, ಪಡವಲ ಹಬ್ಬಿಸಿದರೆ ಅವು ಸಂಜೆ ಅರಳುವ ಹೂ, ರಾತ್ರಿ ಪತಂಗ ಬರುತ್ತವೆ. ಹಿತ್ತಲ ಲೈಟ್ ಸುಮ್ನೆ ಉರಿಯುವುದು ಬೇಡ.

ಮೂರನೇ ಕ್ರಾಸ್ (ಬೆಂಗಳೂರು) ಬರೆದದ್ದು:

ಎಲ್ಲರ ಮಾತೂ ಸರಿ. ಆದರೆ ಮನೆಯಲ್ಲಿ ಚಿಕ್ಕ ಮಗು ಇದೆ. ಹಿತ್ತಲು ಹಾಗೇ ಬಿಟ್ಟರೆ ಹಾವು ಬರುತ್ತೆ ಅನ್ನುವ ಭಯ ನಮ್ಮನೆಯಲ್ಲಿ ದೊಡ್ಡದು. ಹೋದ ಮಳೆಗಾಲ ನುಗ್ಗೆ ಮರಕ್ಕೆ ಕಂಬಳಿಹುಳ ಬಂದು, ಗಾಳಿಗೆ ರೋಮ ಹಾರಿ ಮಗುವಿನ ಕತ್ತೆಲ್ಲ ದದ್ದು ಎದ್ದಿತು. ಆಗಲೂ ಸುಮ್ಮನಿರಬೇಕಾ?

ಲಕ್ಕಿ ಬೇಲಿ (ಶಿವಮೊಗ್ಗ) ಬರೆದದ್ದು:

ಖಂಡಿತ ಸುಮ್ಮನಿರಬೇಡಿ ಸರ್. ನುಗ್ಗೆ ಕಂಬಳಿಹುಳ ಬೇರೆ, ಕರಿಬೇವಿನ ಹುಳ ಬೇರೆ. ಅವು ಹಗಲು ಕಾಂಡದ ಮೇಲೆ ಗುಂಪಾಗಿ ಅಂಟಿಕೊಂಡಿರುತ್ತವೆ. ಕೈ, ಮುಖ ಮುಚ್ಚಿಕೊಂಡು ಉದ್ದ ಕೋಲಿಗೆ ಗೋಣಿ ಕಟ್ಟಿ ಉಜ್ಜಿ ಸೋಪು ನೀರಿನ ಬಕೆಟ್‌ಗೆ ಬೀಳಿಸಿ. ಮಗು ಇರುವ ಮನೆಯಲ್ಲಿ ಅದು ಮಾಡಲೇಬೇಕಾದ ಕೆಲಸ. ನನ್ನ ಮಾತು ಇಷ್ಟೇ, ಒಂದು ಹುಳಕ್ಕೆ ಹೆದರಿ ಎಲ್ಲ ಹುಳಕ್ಕೂ ಹೊಡೆಯಬಾರದು. ಗುಬ್ಬಚ್ಚಿ ಕೂಡ ಕಾಳು ತಿನ್ನುವ ಹಕ್ಕಿ ಅಂತೇವೆ, ಆದರೆ ಮರಿಗೆ ಕೊಡುವುದು ಹುಳವನ್ನೇ. ಹುಳ ಇಲ್ಲದ ಹಿತ್ತಲಲ್ಲಿ ಅದು ಮರಿ ಸಾಕಲಾರದು.

ಹಾವು ಬರುವುದು ಇಲಿ ಹಿಂದೆ. ಅನ್ನ, ಸಾರು ಹೊರಗೆ ಎಸೆಯದಿದ್ದರೆ, ಇಟ್ಟಿಗೆ, ಸೌದೆ ರಾಶಿ ಬಾಗಿಲ ಹತ್ತಿರ ಇಲ್ಲದಿದ್ದರೆ ಅರ್ಧ ಭಯ ಹೋಗುತ್ತೆ. ನಡೆಯುವ ದಾರಿ ಚೊಕ್ಕಟ ಇರಲಿ. ತರಗೆಲೆ ರಾಶಿ ದೂರದ ಮೂಲೆಯಲ್ಲಿ ಇರಲಿ.

ಕೇಪುಳ (ಪುತ್ತೂರು) ಬರೆದದ್ದು:

ಮೈಸೂರಿನ ಅಕ್ಕನಿಗೆ ಒಂದು ಕುತೂಹಲದ ವಿಷಯ. ನಿಮ್ಮ ಕರಿಬೇವಿನ ಚಿಟ್ಟೆಯಲ್ಲಿ ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣು ಹಾಗಿರಬೇಕಿಲ್ಲ. ಕೆಲವು ಹೆಣ್ಣುಗಳು ಕೆಂಪು ಚುಕ್ಕೆ ಹೊತ್ತು ಪೂರಾ ಬೇರೆ ಜಾತಿಯ ಹಾಗೆ ಕಾಣುತ್ತವೆ. ಅದು ಕಾಮನ್ ರೋಸ್, ಕ್ರಿಮ್ಸನ್ ರೋಸ್ ಅನ್ನುವ ಚಿಟ್ಟೆಗಳ ವೇಷ. ಆ ಚಿಟ್ಟೆಗಳು ಮರಿಯಿದ್ದಾಗ ಈಶ್ವರಿ ಬಳ್ಳಿ ತಿಂದು ಮೈಯಲ್ಲಿ ವಿಷ ತುಂಬಿಕೊಂಡಿರುತ್ತವೆ, ಹಕ್ಕಿಗಳು ಮುಟ್ಟುವುದಿಲ್ಲ. ವಿಷ ಇಲ್ಲದ ಇದು ವೇಷ ಮಾತ್ರ ಹಾಕಿ ಬದುಕುತ್ತದೆ.

ನಮ್ಮ ತೋಟದ ಬದಿಯಲ್ಲಿ ಈಶ್ವರಿ ಬಳ್ಳಿ ಉಂಟು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಯಲ್ಲೇ. ಮೈಸೂರಿಗೆ ಬರ್ಡ್‌ವಿಂಗ್ ಬರುವುದು ಕಷ್ಟ, ಅದು ಘಟ್ಟದ ಚಿಟ್ಟೆ. ಆದರೆ ರೋಸ್‌ಗಳು ಬಯಲಲ್ಲೂ ಇವೆ. ಬಳ್ಳಿ ನೆಟ್ಟರೆ ಮಗಳಿಗೆ ಬಾಯಿಗೆ ಹಾಕಬೇಡ ಅಂತ ಹೇಳಿ, ವಿಷ ನಮಗೂ ವಿಷವೇ. ಹಾಗೆಯೇ ಎಕ್ಕದ ಗಿಡ ಇದ್ದರೆ ಕಡಿಯಬೇಡಿ, ಪ್ಲೇನ್ ಟೈಗರ್ ಚಿಟ್ಟೆ ಅಲ್ಲಿ ಮೊಟ್ಟೆ ಇಡುತ್ತದೆ. ಹಾಲು ಕಣ್ಣಿಗೆ ಬೀಳದ ಹಾಗೆ ನೋಡಿ.

ಹೂವಿಗೆ ಕೆಂಪು ಕೇಪುಳ ನೆಡಿ. ಸೂರಕ್ಕಿಯೂ ಬರುತ್ತದೆ, ಹಣ್ಣಾದ ಮೇಲೆ ಪಿಕಳಾರವೂ ಬರುತ್ತದೆ. ಗೋಡೆ ಬಿರುಕಿನಲ್ಲಿ ಮೇಣದ ಸಣ್ಣ ಕೊಳವೆ ಕಂಡರೆ ಗಾರೆ ಹಾಕಿ ಮುಚ್ಚಬೇಡಿ. ಅದು ಮುಜಂಟಿ ಜೇನಿನ ಬಾಗಿಲು, ಕೊಂಡಿ ಚುಚ್ಚುವುದಿಲ್ಲ.

ಹಿತ್ತಲ ಬಾಗಿಲು (ಮೈಸೂರು), ಮೂರು ವಾರದ ನಂತರ:

ಎಲ್ಲರಿಗೂ ಏನಾಯಿತು ಅಂತ ಹೇಳಲೇಬೇಕು.

ಬಾಟಲಿ ವಾಪಸ್ ಕೊಟ್ಟೆ. ಮರಿ ಸಸಿ ಎರಡು ಸಿಕ್ಕವು, ಒಂದು ಕುಂಡದಲ್ಲಿ ಪರದೆ ಹೊದ್ದು ಚೆನ್ನಾಗಿದೆ. ಅತ್ತೆ ಮೊದಮೊದಲು ಮಾತಾಡಲಿಲ್ಲ. ಹನ್ನೊಂದು ಹುಳದಲ್ಲಿ ದಿನಾ ಒಂದೆರಡು ಕಡಿಮೆ ಆದವು. ಒಂದು ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಅತ್ತೆಯೇ ನೋಡಿದರು, ಬಾಲ ಎತ್ತಿದ ಪುಟ್ಟ ಟುವ್ವಿ ಹಕ್ಕಿ ಹುಳ ಕಚ್ಚಿಕೊಂಡು ದಾಸವಾಳದೊಳಗೆ ನುಗ್ಗಿತು. ಅಲ್ಲಿ ಎರಡು ಎಲೆ ಸೇರಿಸಿ ಹೊಲಿದ ಗೂಡು ಇದೆ. ನಾನು ಅದೇ ಗಿಡದಿಂದ ದಿನಾ ಪೂಜೆಗೆ ಹೂ ಕೊಯ್ಯುತ್ತಿದ್ದೆ, ಕಂಡೇ ಇರಲಿಲ್ಲ. ಈಗ ಆ ಕಡೆಯ ಹೂ ಬಿಟ್ಟಿದ್ದೇವೆ.

ಕೊನೆಗೆ ಉಳಿದದ್ದು ನಾಲ್ಕು. ಅದರಲ್ಲಿ ಒಂದು ಹುಳ ಗಿಡದಿಂದ ಇಳಿದು ಒಗೆಯುವ ಕಲ್ಲಿನ ಪಕ್ಕಕ್ಕೆ ಹೋಗಿ, ಬಾಲದ ತುದಿ ಅಂಟಿಸಿ, ಸೊಂಟಕ್ಕೆ ಒಂದು ನೂಲು ಸುತ್ತಿಕೊಂಡು ಒರಗಿತು. ಗಿಡದಲ್ಲೇ ಉಳಿದದ್ದು ಹಸಿರು ಕೋಶ ಆಯಿತು, ಕಲ್ಲಿನ ಮೇಲಿನದು ಕಲ್ಲಿನ ಬಣ್ಣ. ಹತ್ತು ದಿನ ಆ ಕಲ್ಲಿನ ಮೇಲೆ ಬಟ್ಟೆ ಒಗೆಯಲಿಲ್ಲ. ಮಗಳು ಸ್ಲೇಟಿನಲ್ಲಿ "ಯಾರೂ ನೀರು ಹಾಕಬಾರದು" ಅಂತ ಬರೆದಿಟ್ಟಿದ್ದಳು.

ಮೊನ್ನೆ ಸಂಜೆ ಕೋಶ ಕಪ್ಪಾಯಿತು, ಒಳಗಿನ ಬಿಳಿ ಚುಕ್ಕೆ ಹೊರಗೆ ಕಂಡವು. ನಿನ್ನೆ ಬೆಳಿಗ್ಗೆ ಏಳೂವರೆಗೆ ತಲೆ ಹತ್ತಿರ ಸೀಳಿತು. ಹೊರಗೆ ಬಂದದ್ದಕ್ಕೆ ರೆಕ್ಕೆ ಅಂದರೆ ಒದ್ದೆ ಬಟ್ಟೆ ಮುದ್ದೆಯ ಹಾಗೆ ಇತ್ತು. ಕಲ್ಲಿಗೆ ಜೋತುಬಿದ್ದು ನಿಂತಿತು. ನೋಡನೋಡುತ್ತಾ ಸುಕ್ಕು ಬಿಡಿಸಿಕೊಂಡಿತು. ಒಂದು ತೊಟ್ಟು ಕೆಂಪು ಕಂದು ನೀರು ಉದುರಿತು, ಮಗಳು ರಕ್ತ ಅಂತ ಹೆದರಿದಳು. ಕೋಶದಲ್ಲಿ ಉಳಿದ ಕಶ್ಮಲವಂತೆ ಅದು. ಸ್ಕೂಲ್ ವ್ಯಾನ್ ಬಂದು ಹಾರ್ನ್ ಹಾಕಿತು. ಅತ್ತೆಯೇ ಹೊರಗೆ ಹೋಗಿ "ಇನ್ನೈದು ನಿಮಿಷ ನಿಲ್ಲಪ್ಪಾ" ಅಂದರು.

ನಿಲ್ಲಲಿಲ್ಲ ವ್ಯಾನು. ನಾನೇ ಆಮೇಲೆ ಸ್ಕೂಟರಿನಲ್ಲಿ ಬಿಟ್ಟು ಬಂದೆ. ಬರುವಷ್ಟರಲ್ಲಿ ಕಲ್ಲಿನ ಮೇಲೆ ಕೋಶದ ಸಿಪ್ಪೆ ಮಾತ್ರ ಇತ್ತು. ಹಾರಿದ್ದನ್ನು ನೋಡಿದ್ದು ಅತ್ತೆ ಒಬ್ಬರೇ. ಬಾಳೆ ಮೇಲಿಂದ ಹಾದು ಪಕ್ಕದ ಮನೆ ಕಡೆ ಹೋಯಿತಂತೆ. ಅವರ ಹಿತ್ತಲಲ್ಲೂ ನಿಂಬೆ ಗಿಡ ಇದೆ, ಇವತ್ತು ಸಂಜೆ ಅವರ ಹತ್ತಿರ ಮಾತಾಡಬೇಕು.

ಬಯಲುಸೀಮೆಯವರೇ, ಒಂದು ಕೇಳಬೇಕಿತ್ತು. ಗೋಡೆ ಪಕ್ಕದ ಸಿಮೆಂಟ್ ಮೂರಡಿ ಒಡೆಸೋಣ ಅಂತಿದ್ದೇವೆ. ಕೆಳಗೆ ಜಲ್ಲಿ ಹಾಕಿದ್ದಾರೆ. ಅದನ್ನು ಪೂರ್ತಿ ತೆಗೆದು ಹೊಸ ಮಣ್ಣು ತುಂಬಬೇಕಾ, ಹಾಗೇ ಮೇಲೆ ಹಾಕಿದರೆ ಸಾಕಾ?