ದ್ವಿಮಾನಕ್ಕೆ ಪರಿವರ್ತಿಸುವಾಗ 0.1 ಏಕೆ ಮುಗಿಯುವುದಿಲ್ಲ?

ಕಾಳುಮೆಣಸು, ಚಿಕ್ಕಮಗಳೂರು

ನಮಸ್ಕಾರ. ನಮ್ಮ ಅಂಗಡಿಯಲ್ಲಿ ಕಾಳುಮೆಣಸನ್ನು ನೂರು ಗ್ರಾಂ ಪೊಟ್ಟಣಗಳಲ್ಲಿ ಮಾರುತ್ತೇವೆ. ಲೆಕ್ಕಕ್ಕೆಂದು ಪೈಥಾನ್‌ನಲ್ಲಿ ನಾನೇ ಬರೆದ ಪುಟ್ಟ ಪ್ರೋಗ್ರಾಂ, ಪೊಟ್ಟಣಕ್ಕೆ 0.1 ಕಿಲೋದಂತೆ ಒಂದೊಂದಾಗಿ ಕೂಡುತ್ತಾ ಹೋಗಿ, ಹತ್ತನೆಯದಕ್ಕೆ 1 ಎನ್ನುವ ಬದಲು 0.9999999999999999 ಎಂದು ತೋರಿಸುತ್ತಿದೆ. ಕಂಪ್ಯೂಟರ್ ಒಳಗೆ 0, 1 ಎಂಬ ಎರಡೇ ಅಂಕಿಗಳ ದ್ವಿಮಾನ ಪದ್ಧತಿಯನ್ನು ಬಳಸುತ್ತದೆಂದು ತಿಳಿದು, ಕಾಗದದ ಮೇಲೆಯೇ ಪರಿವರ್ತಿಸಲು ಕುಳಿತೆ. 45ನ್ನು ಎರಡರಿಂದ ಭಾಗಿಸುತ್ತಾ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದಾಗ 101101 ಎಂದು ಸರಿಯಾಗಿಯೇ ಬಂತು, 0.1 ಮಾತ್ರ ಪುಟ ತುಂಬಿದರೂ ಮುಗಿಯಲಿಲ್ಲ. ನಾನು ಎಲ್ಲಿ ತಪ್ಪಿದ್ದೇನೆ?

ಲೆಕ್ಕದ ಮೇಷ್ಟ್ರು, ಹಾಸನ

ತಾವು ಎಲ್ಲಿಯೂ ತಪ್ಪಿಲ್ಲ. ದ್ವಿಮಾನದಲ್ಲಿ ಅದು ಮುಗಿಯುವ ಸಂಖ್ಯೆಯೇ ಅಲ್ಲ. ಭಿನ್ನಭಾಗವನ್ನು ಎರಡರಿಂದ ಗುಣಿಸಿ, ಬಿಂದುವಿನ ಎಡಕ್ಕೆ ಬಂದ ಅಂಕಿಯನ್ನು ಬರೆದಿಟ್ಟು, ಉಳಿದುದನ್ನು ಮತ್ತೆ ಗುಣಿಸಬೇಕಷ್ಟೆ. 0.1ರಿಂದ ಹೊರಟರೆ 0.2, 0.4, 0.8, 1.6, 1.2 ಬರುತ್ತವೆ, ಕೊನೆಯದರಲ್ಲಿ 1 ತೆಗೆದರೆ ಮತ್ತೆ 0.2 ಉಳಿಯುವುದರಿಂದ, 0.000110011… ಎಂದು 0011 ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತದೆ. ಸಂಕ್ಷೇಪಿಸಿದ ಭಿನ್ನರಾಶಿಯ ಛೇದದಲ್ಲಿ 2 ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನ ಇದ್ದರೆ ಹೀಗೆಯೇ ಆಗುತ್ತದೆ. ಹತ್ತರೊಳಗೆ 5 ಕುಳಿತಿದೆ. ದಶಮಾನದಲ್ಲಿ ಮೂರನೆಯ ಒಂದು ಭಾಗ 0.333… ಆಗುವುದೂ ಇಂಥದೇ ಕಾರಣದಿಂದ.

ನಮ್ಮ ಹಿರಿಯರ ಕಾಲು (1/4), ಅರೆಕಾಲು (1/8), ವೀಸಗಳಿಗೆ (1/16) ಈ ತೊಂದರೆಯೇ ಇಲ್ಲ: ದ್ವಿಮಾನದಲ್ಲಿ ಅವು 0.01, 0.001, 0.0001. 1957ರಲ್ಲಿ ನಯಾಪೈಸೆ ಬರುವ ಮೊದಲು ರೂಪಾಯಿಗೆ ಹದಿನಾರಾಣೆ ಇದ್ದುದರಿಂದ, ಒಂದಾಣೆಯೆಂದರೆ ರೂಪಾಯಿಯ ವೀಸವೇ ಆಗಿತ್ತು. ಆ ಲೆಕ್ಕವನ್ನು ಕಂಪ್ಯೂಟರಿಗೆ ಕೊಟ್ಟಿದ್ದರೆ ಚೂರೂ ತಪ್ಪುತ್ತಿರಲಿಲ್ಲ. (ಆಣೆಗೆ 12 ಪೈ ಇದ್ದವು, ಅಲ್ಲಿ 3 ಅಡಗಿರುವುದರಿಂದ ಪೈಗಳ ಮಾತು ಬೇರೆ.)

ಕೋಡುಗಾರ, ಸಕಲೇಶಪುರ

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಪೈಥಾನ್‌ನ ಫ್ಲೋಟ್ (ಬಿಂದುವಿರುವ) ಸಂಖ್ಯೆಗೆ 64 ಬಿಟ್, ಅಂದರೆ 64 ದ್ವಿಮಾನ ಅಂಕಿಗಳ ಜಾಗವಿದ್ದರೂ ಅಂಕಿಗಳ ನಿಖರತೆ 53 ಬಿಟ್‌ಗಳಷ್ಟೇ ಆದ್ದರಿಂದ, ಮುಗಿಯದ ಸಾಲನ್ನು ಅಲ್ಲಿಗೇ ದುಂಡಾಗಿಸಲಾಗುತ್ತದೆ. ಪ್ರತಿ ಸಲ ಕೂಡಿದಾಗಲೂ ಮೊತ್ತ ಮತ್ತೆ ದುಂಡಾಗುತ್ತದೆ. ತಾವು ತೂಕವನ್ನು ಗ್ರಾಂನಲ್ಲಿ, ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಂಡು, ಬಿಲ್ ಮುದ್ರಿಸುವಾಗ ಮಾತ್ರ ಕಿಲೋ, ರೂಪಾಯಿಗಳಿಗೆ ಬದಲಾಯಿಸಿಕೊಳ್ಳಿ.

ಕಾಳುಮೆಣಸು, ಚಿಕ್ಕಮಗಳೂರು

ಗ್ರಾಂಗೆ ಬದಲಾಯಿಸಿದೆ, ಮೊತ್ತ ಸರಿಯಾಗಿ 1000 ಬಂತು. ಇಬ್ಬರಿಗೂ ಧನ್ಯವಾದಗಳು. ನಮ್ಮ ಕಾಲು ಕಿಲೋ ಪೊಟ್ಟಣಗಳ ಲೆಕ್ಕ ಇಷ್ಟು ದಿನ ಒಮ್ಮೆಯೂ ಏಕೆ ತಪ್ಪಿರಲಿಲ್ಲ ಎಂಬುದೂ ಈಗ ತಿಳಿಯಿತು.