ದಟ್ಟ ಕಾಡಿನಲ್ಲಿ ಎಲ್ಕ್ ಬೇಟೆಗೆ ಯಾವ ಗುಂಡು?

ಪ್ರಶ್ನೆ: ನಮಸ್ಕಾರ ಸರ್. ಕೊಲೊರಾಡೊದಲ್ಲಿ ಈ ಸಲ ಹೆಣ್ಣು ಎಲ್ಕ್‌ಗೆ (ದೊಡ್ಡ ಜಾತಿಯ ಜಿಂಕೆ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ ಸಿಕ್ಕಿದೆ. ರೈಫಲ್ .30-06 ತೋಟಾದ್ದು. ಜಾಗ ಪೂರ್ತಿ ಸ್ಪ್ರೂಸ್, ಫರ್ ಮರಗಳ ಕಾಡು, 100 ಗಜದಾಚೆ ಏನೂ ಕಾಣಲ್ಲ. ಅಂಗಡಿಯವರು 150 ಗ್ರೇನಿನ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಮಾಮೂಲಿ ಸಾಫ್ಟ್ ಪಾಯಿಂಟ್, ಅಂದರೆ ತುದಿಯಲ್ಲಿ ಸೀಸ ಕಾಣುವ ಗುಂಡು ಸಾಕು ಅಂದರು. ಗೆಳೆಯರು, ಪೊದೆ ಸೀಳಿಕೊಂಡು ಹೋಗೋಕೆ 220 ಗ್ರೇನಿನ ಮೊಂಡು ಮೂತಿಯದ್ದೇ ಬೇಕು ಅಂತಾರೆ. ಯಾವುದು ಸರಿ?

ಉತ್ತರ: ನಿಮ್ಮ ಗೆಳೆಯರು ಹೇಳಿದ ಗುಂಡು ಕೆಟ್ಟದ್ದಲ್ಲ, ಹೇಳಿದ ಕಾರಣ ತಪ್ಪು. ಬೆರಳು ಗಾತ್ರದ ಕಡ್ಡಿ ತಾಗಿದರೂ ಯಾವ ಗುಂಡಾದರೂ ದಾರಿ ತಪ್ಪಬಹುದು. ಕಡ್ಡಿ ಪ್ರಾಣಿಯಿಂದ ದೂರ ಇದ್ದಷ್ಟೂ ತಪ್ಪು ದೊಡ್ಡದಾಗುತ್ತೆ. ಸಂದು ಸಿಗದಿದ್ದರೆ ಈಡು ಬೇಡ, ಅಷ್ಟೇ.

ಕೊಲೊರಾಡೊ ಕಾನೂನು ಎಲ್ಕ್‌ಗೆ ಕೇಳೋದು ಇಷ್ಟು: .24 ಅಥವಾ ಮೇಲಿನ ಕ್ಯಾಲಿಬರ್ (ನಳಿಗೆಯ ಒಳ ಅಗಲ, ಇಂಚಿನಲ್ಲಿ), ಕನಿಷ್ಠ 85 ಗ್ರೇನಿನ, ಬಡಿದಾಗ ಅರಳುವ ಗುಂಡು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ. ನಿಮ್ಮ ರೈಫಲ್ ಅದನ್ನ ಆರಾಮಾಗಿ ದಾಟುತ್ತೆ. ತೊಂದರೆ ಇರೋದು ಹತ್ತಿರದ ಈಡಿನಲ್ಲಿ. 50 ಗಜದಲ್ಲಿ 150 ಗ್ರೇನಿನ ಗುಂಡಿನ ವೇಗ ಇನ್ನೂ ಸೆಕೆಂಡಿಗೆ 2,800 ಅಡಿಯ ಆಸುಪಾಸು. ಅಂಗಡಿಯವರು ಹೇಳಿದಂಥ ತೆಳು ತಾಮ್ರದ ಕವಚದ ಗುಂಡು ಆ ವೇಗದಲ್ಲಿ ಹೆಗಲ ಮೂಳೆಗೆ ಬಿದ್ದರೆ ಸೀಸ ಬೇರೆ, ಕವಚ ಬೇರೆ ಆಗಿ ಒಳಗೇ ಪುಡಿಯಾಗಬಹುದು. 225 ಕಿಲೋ ತೂಗುವ ಪ್ರಾಣಿ ಅದು. ಆಚೆ ಬದಿಯಲ್ಲಿ ತೂತು ಬೀಳದಿದ್ದರೆ ನೆತ್ತರನ್ನ ದಪ್ಪ ಕೂದಲೇ ಹೀರಿಬಿಡುತ್ತೆ. ನಾಲ್ಕು ನೆಗೆತಕ್ಕೆ ಮರದ ಮರೆ ಸೇರುತ್ತೆ, ಜಾಡು ಹಿಡಿಯೋಕೆ ನೆಲದ ಮೇಲೆ ಹನಿಯೂ ಇರಲ್ಲ.

ಅದಕ್ಕೇ ಎರಡು ತೂತು ಮಾಡುವ ಗುಂಡು ಬೇಕು. 180 ಗ್ರೇನಿನ ನೋಸ್ಲರ್ ಪಾರ್ಟಿಷನ್ ನೋಡಿ: 1948ರಿಂದ ಮಾರಾಟದಲ್ಲಿದೆ, ನಡುವೆ ಗೋಡೆ ಇರೋದರಿಂದ ಮುಂಭಾಗ ಅರಳಿದರೂ ಹಿಂಭಾಗ ಇಡಿಯಾಗಿ ನುಗ್ಗುತ್ತೆ. ಸೀಸವನ್ನ ಕವಚಕ್ಕೆ ಬೆಸೆದ ಬಾಂಡೆಡ್ ಗುಂಡೂ ಆದೀತು. ಪೂರ್ತಿ ತಾಮ್ರದ್ದಾದರೆ 165 ಅಥವಾ 168 ಗ್ರೇನಿಗೆ ಇಳಿಯಿರಿ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತೆ. ಮಾಂಸದಲ್ಲಿ ಸೀಸದ ಚೂರು ಸೇರಲ್ಲ ಅನ್ನೋದು ದೊಡ್ಡ ಲಾಭ. ಗುಂಡು ಬದಲಾಯಿಸಿದರೆ ನಳಿಗೆ ಚೆನ್ನಾಗಿ ಉಜ್ಜಿ, 100 ಗಜಕ್ಕೆ ಮತ್ತೆ ಜೀರೋ ಮಾಡಲೇಬೇಕು, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವ ಹಾಗೆ ಹೊಂದಿಸಬೇಕು.

ಪ್ರಶ್ನೆ: ಈಡು ಬಿದ್ದ ಮೇಲೆ ಎಷ್ಟು ಹೊತ್ತು ಕಾಯಬೇಕು ಸರ್?

ಉತ್ತರ: ಮೊದಲು ಇನ್ನೊಂದು ತೋಟಾ ತುಂಬಿ. ಎಲ್ಕ್‌ಗೆ ಪೆಟ್ಟು ಬಿದ್ದರೂ ಎಷ್ಟೋ ಸಲ ಏನೂ ಆಗದ ಹಾಗೆ ನಿಂತಿರುತ್ತೆ; ನಿಂತಿದ್ದರೆ ಮತ್ತೆ ಹೊಡೆಯಿರಿ. ನೀವು ನಿಂತ ಜಾಗಕ್ಕೆ ಒಂದು ರಿಬ್ಬನ್ ಕಟ್ಟಿ ಆಮೇಲೆ ಕದಲಿ. ಇಲ್ಲದಿದ್ದರೆ ಎಲ್ಕ್ ನಿಂತಿದ್ದ ಕಡೆ ಹೋದ ಮೇಲೆ ಎಲ್ಲ ಮರವೂ ಒಂದೇ ಥರ ಕಾಣುತ್ತೆ.

ನೆತ್ತರು ಬೆರಳಿಗೆ ತಗೊಂಡು ನೋಡಿ. ಗುಲಾಬಿ ಕೆಂಪು, ಸಣ್ಣ ಗುಳ್ಳೆ: ಶ್ವಾಸಕೋಶ, ಅರ್ಧ ಗಂಟೆ ಸಾಕು. ಕಡುಗೆಂಪು, ಗುಳ್ಳೆ ಇಲ್ಲ: ಲಿವರ್ ಇರಬಹುದು, ಮೂರು ನಾಲ್ಕು ಗಂಟೆ. ಹಸಿರು ಬೆರೆತು, ಅಗಿದ ಹುಲ್ಲು ತರಿತರಿಯಾಗಿ ಸಿಕ್ಕಿ ನಾರಿದರೆ ಹೊಟ್ಟೆ: ಆರರಿಂದ ಎಂಟು ಗಂಟೆ. ಬೇಗ ಹೋಗಿ ಎಬ್ಬಿಸಿದರೆ ಮೈಲಿಗಟ್ಟಲೆ ಓಡುತ್ತೆ. ಹಿಮ ಸುರಿದು ಜಾಡು ಮುಚ್ಚೋ ಹಾಗಿದ್ದರೆ ಮಾತ್ರ ಲೆಕ್ಕ ಬದಲಿಸಿ. ಜಾಡು ತುಳಿಯಬೇಡಿ, ಪಕ್ಕದಲ್ಲೇ ನಡೆಯಿರಿ. ಹೆಜ್ಜೆಯ ಎರಡೂ ಬದಿ ಹನಿ ಕಂಡರೆ ಎರಡು ತೂತು ಬಿದ್ದಿದೆ ಅಂತ ತಿಳಿಯಿರಿ.

ಪ್ರಶ್ನೆ: ಎಂಟು ಗಂಟೆ ಬಿಟ್ಟರೆ ಮಾಂಸ ಕೆಡಲ್ವಾ?

ಉತ್ತರ: ಕೆಡುವ ಸಾಧ್ಯತೆ ಇದೆ, ಚಳಿಯಲ್ಲೂ. ಚರ್ಮ ಬಿಸಿ ಹಿಡಿದಿಡುತ್ತೆ, ತೊಡೆ ಮೂಳೆಯ ಸುತ್ತ ಮೊದಲು ಹುಳಿ ವಾಸನೆ ಬರುತ್ತೆ. ಸಿಕ್ಕ ಕೂಡಲೇ ಸುಲಿದು, ಕಾಲು ಬಿಡಿಸಿ ನೆರಳಲ್ಲಿ ನೇತುಹಾಕಿ. ಕೆಚ್ಚಲು ಮಾತ್ರ ಒಂದು ತೊಡೆಗೆ ಅಂಟಿಕೊಂಡೇ ಇರಲಿ. ಟ್ಯಾಗ್ ಹೆಣ್ಣಿನದ್ದು, ವಾರ್ಡನ್ (ಬೇಟೆ ತಪಾಸಣೆಯ ಅಧಿಕಾರಿ) ಕೇಳಿದರೆ ತೋರಿಸೋಕೆ ಸಾಕ್ಷಿ ಬೇಕು.