ಯೂಟ್ಯೂಬ್ ಪಾಠ ಬೇಕು, ಆನ್‌ಲೈನ್ ಕ್ಲಾಸ್ ಬೇಡ ಅನ್ನುತ್ತಾರೆ, ಯಾಕೆ?

ಫಿಸಿಕ್ಸ್ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಬಿಎಸ್ಸಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಮುಂದಿನ ಸೆಮಿಸ್ಟರ್‌ನಿಂದ ಶನಿವಾರದ ಥಿಯರಿ ಕ್ಲಾಸುಗಳನ್ನು ಆನ್‌ಲೈನ್ ಮಾಡೋಣ ಅಂತ ನಮ್ಮ ಸ್ಟಾಫ್ ಮೀಟಿಂಗ್‌ನಲ್ಲಿ ಮಾತು ಬಂದಿದೆ. ನಮ್ಮಲ್ಲಿ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳೇ ಜಾಸ್ತಿ. ಶನಿವಾರ ಎರಡು ಪೀರಿಯಡ್‌ಗೋಸ್ಕರ ಅಷ್ಟು ದೂರ ಬಂದು ಹೋಗುವುದು ಅವರಿಗೂ ತಲೆನೋವೇ. ಸರಿ, ಕ್ಲಾಸಿನಲ್ಲಿ ಕೇಳಿ ನೋಡಿದೆ. ಹೂಂ ಅಂದವರು ಬೆರಳೆಣಿಕೆ.

ಇದೇ ಮಕ್ಕಳು ಪರೀಕ್ಷೆ ಹತ್ತಿರ ಬಂತು ಅಂದರೆ ಯೂಟ್ಯೂಬ್ ಬಿಟ್ಟು ಏಳುವುದಿಲ್ಲ. ನಾನು ವಾರಗಟ್ಟಲೆ ಹೇಳಿದ ಡಿಫ್ರ್ಯಾಕ್ಷನ್ ಪಾಠವನ್ನು "ಸರ್, ಅದರಲ್ಲಿ ಹತ್ತೇ ನಿಮಿಷದಲ್ಲಿ ಹೇಳಿಬಿಟ್ಟಿದ್ದಾರೆ" ಅಂತ ನನ್ನ ಮುಂದೆಯೇ ಹೇಳುತ್ತಾರೆ. (ಬೇಜಾರಿಲ್ಲ. ಸ್ವಲ್ಪ ಇದೆ.) ಅಂದರೆ ಫೋನಿನಲ್ಲಿ ಪಾಠ ಕೇಳುವುದೇ ಬೇಡ ಅಂತೇನೂ ಅಲ್ಲ, ಅಲ್ವಾ? ಮತ್ತೆ ಬೇಡವಾಗಿರುವುದು ಯಾವುದು?

"ಅವರು ಕಾಲೇಜಿಗೆ ಬರುವುದೇ ಫ್ರೆಂಡ್ಸ್ ಜೊತೆ ಹರಟೆ ಹೊಡೆಯಲು" ಅನ್ನುವುದು ನಮ್ಮ ಸ್ಟಾಫ್ ರೂಮಿನ ತೀರ್ಪು. ನನಗೆ ಅಷ್ಟೇ ಅನ್ನಿಸುವುದಿಲ್ಲ. ಇಲ್ಲಿ ಓದುತ್ತಿರುವವರು, ಈಚೆಗೆ ಓದಿ ಮುಗಿಸಿದವರು ಬಿಚ್ಚಿ ಹೇಳಿ. ಮೇಷ್ಟ್ರು ಅಂತ ಮುಲಾಜು ಬೇಡ.

---

ಏಳನೇ ಸೆಮ್

ಮುಲಾಜು ಬೇಡ ಅಂದಿದ್ದೀರಿ, ನೇರವಾಗಿಯೇ ಹೇಳುತ್ತೇನೆ ಸರ್. ರೆಕಾರ್ಡ್ ಮಾಡಿದ ವಿಡಿಯೋ ಬೇರೆ, ಲೈವ್ ಆನ್‌ಲೈನ್ ಕ್ಲಾಸ್ ಬೇರೆ. ನಿಮ್ಮ ಸ್ಟಾಫ್ ಮೀಟಿಂಗ್‌ನಲ್ಲಿ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ.

ವಿಡಿಯೋ ಆದರೆ ಲಗಾಮು ನನ್ನ ಕೈಯಲ್ಲಿ ಇರುತ್ತದೆ. ಅರ್ಥವಾಗದಿದ್ದರೆ ಹಿಂದಕ್ಕೆ ಹೋಗುತ್ತೇನೆ, ಗೊತ್ತಿರುವ ವಿಷಯ ಆದರೆ ಒಂದೂವರೆ ಸ್ಪೀಡಿನಲ್ಲಿ ಓಡಿಸುತ್ತೇನೆ, ರಾತ್ರಿ ಹನ್ನೊಂದಕ್ಕೆ ನೋಡುತ್ತೇನೆ, ಒಬ್ಬರು ಹೇಳಿದ್ದು ಹಿಡಿಸದಿದ್ದರೆ ಇನ್ನೊಬ್ಬರದ್ದು ಹಾಕುತ್ತೇನೆ. ಲೈವ್ ಕ್ಲಾಸಿನಲ್ಲಿ ಇದ್ಯಾವುದೂ ಇಲ್ಲ. ಹೇಳಿದ ಟೈಮಿಗೇ ಕೂರಬೇಕು, ನಿಲ್ಲಿಸುವ ಹಾಗಿಲ್ಲ, ಪಕ್ಕದವನ ನೋಟ್ಸ್ ಇಣುಕಿ ನೋಡುವ ಹಾಗೂ ಇಲ್ಲ. ಎರಡೂ ಕಡೆಯ ಕಷ್ಟ ಸೇರಿಸಿ ಮಾಡಿದ ಹಾಗಿದೆ.

ಅಲ್ಲಿ ನಡೆಯುವುದೇನು ಅಂತ ಹೇಳಲಾ? ಎಲ್ಲರೂ ಕ್ಯಾಮೆರಾ ಆಫ್, ಮೈಕ್ ಮ್ಯೂಟ್. ಸರ್ "ನಾನು ಕೇಳಿಸ್ತಾ ಇದ್ದೀನಾ" ಅಂತ ಕೇಳಿದರೆ ಚಾಟಿನಲ್ಲಿ ಸಾಲಾಗಿ "ಯೆಸ್ ಸರ್". ಆಮೇಲೆ ಅರ್ಧ ಗಂಟೆ ಯಾರೂ ಇರುವುದಿಲ್ಲ. ಕ್ಲಾಸ್ ಮುಗಿದು ಸರ್ ಬೈ ಹೇಳಿ ಹೋದ ಮೇಲೂ ಐದಾರು ಹೆಸರುಗಳು ಮೀಟಿಂಗ್‌ನಲ್ಲೇ ಉಳಿದಿರುತ್ತವೆ. ಅವರೆಲ್ಲ ನಿದ್ದೆ ಹೋದವರು ಅಂತ ಊರಿಗೇ ಗೊತ್ತು. ಹಾಜರಿ ಮಾತ್ರ ಪೂರ್ತಿ. ನಮ್ಮ ಇಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುನಲ್ಲಿ 85% ಹಾಜರಿ ಬೇಕಲ್ಲ, ಅದಕ್ಕೋಸ್ಕರ ಬಂದವರು ಅದನ್ನು ತೆಗೆದುಕೊಂಡು ಹೋಗುತ್ತಾರೆ, ಅಷ್ಟೇ.

ಇನ್ನೊಂದು ವಿಷಯ. ಐಐಟಿಗಳು ಮತ್ತು ನಮ್ಮ ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸ್ ಒಂದನ್ನು ಮಾಡಿದ್ದೇನೆ. ಹನ್ನೆರಡು ವಾರದ್ದು. ಪಾಠ ಬಿಟ್ಟಿ, ಪರೀಕ್ಷೆ ಬರೆಯುವುದಾದರೆ ಮಾತ್ರ ಫೀಸು. ವಾರ ವಾರ ಕೊಡುವ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಅಸೈನ್‌ಮೆಂಟ್ ಉತ್ತರಗಳು ಕೊನೆ ದಿನಕ್ಕೆ ಮುಂಚೆಯೇ ಟೆಲಿಗ್ರಾಂ ಗ್ರೂಪುಗಳಲ್ಲಿ ಓಡಾಡುತ್ತಿರುತ್ತವೆ, ಸುಳ್ಳು ಯಾಕೆ ಹೇಳಲಿ. ಆದರೆ ಪರೀಕ್ಷೆಯನ್ನು ಸೆಂಟರ್‌ಗೆ ಹೋಗಿಯೇ ಬರೆಯಬೇಕು, ಅಲ್ಲಿ ಟೆಲಿಗ್ರಾಂ ನಡೆಯುವುದಿಲ್ಲ. ಆ 75ರ ಭಯಕ್ಕೇ ನಾನು ಕೂತು ವಿಡಿಯೋ ನೋಡಿದ್ದು. ಒಂದು ಸಲ ಕೂತ ಮೇಲೆ ಪಾಠ ಚೆನ್ನಾಗಿಯೇ ಇತ್ತು. ನನ್ನ ಕಾಲೇಜಿನ ಕೆಲವು ಕ್ಲಾಸುಗಳಿಗಿಂತ ಚೆನ್ನಾಗಿತ್ತು.

---

ಸುಳ್ಯ ಕಡೆಯವಳು

ಏಳನೇ ಸೆಮ್ ಅವರೇ, ನೀವು ಹೇಳಿದ್ದು ಸರಿ ಇದೆ, ಆದರೆ ಅದು ವೈಫೈ ಇರುವ ಮನೆಯ ಕಥೆ.

ನಾನು 2021ರ ಎಸ್ಸೆಸ್ಸೆಲ್ಸಿ ಬ್ಯಾಚಿನವಳು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಗುಡ್ಡ ಹತ್ತಿ ಮೇಲಿನ ರಸ್ತೆಗೆ ಹೋದರೆ ಎರಡು ಕಡ್ಡಿ ಬರುತ್ತಿತ್ತು. ಆ ವರ್ಷ ಜೂನ್‌ನಲ್ಲಿ ಒಂದು ಫೋಟೊ ಎಲ್ಲಾ ಕಡೆ ಓಡಾಡಿತ್ತು, ನೆನಪಿದೆಯಾ? ನಮ್ಮ ಸುಳ್ಯ ತಾಲೂಕಿನದ್ದೇ. ಮಳೆಯಲ್ಲಿ ರಸ್ತೆ ಬದಿ ಕೂತು ಒಬ್ಬಳು ಆನ್‌ಲೈನ್ ಕ್ಲಾಸ್ ಕೇಳುತ್ತಿದ್ದಾಳೆ, ಅವಳ ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಪಟ್ಟಣದವರಿಗೆ ಅದು ಸುದ್ದಿ. ನಮಗೆ ಅದು ದಿನದ ಪಾಡು. ಚಂದನ ಟಿವಿಯಲ್ಲಿ ಶಾಲಾ ಮಕ್ಕಳಿಗೆ ಸಂವೇದ ಪಾಠ ಬರುತ್ತಿತ್ತು, ಅದು ನಿಜಕ್ಕೂ ಚೆನ್ನಾಗಿತ್ತು, ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ.

ಕೊನೆಗೆ ಪರೀಕ್ಷೆ ಎರಡೇ ದಿನ ನಡೆಯಿತು. ಜುಲೈ 19ಕ್ಕೆ ಗಣಿತ, ವಿಜ್ಞಾನ, ಸಮಾಜ ಮೂರೂ ಒಟ್ಟಿಗೆ, 22ಕ್ಕೆ ಮೂರು ಭಾಷೆ. ಒಂದೊಂದಕ್ಕೆ 40 ಅಂಕ, ಓಎಂಆರ್ ಶೀಟಿನಲ್ಲಿ ಗುಂಡಿ ತುಂಬುವುದು. ಎಲ್ಲರೂ ಪಾಸು. ಆಮೇಲೆ ಸೈನ್ಸ್ ತೆಗೆದುಕೊಂಡು ಪಿಯುಸಿಗೆ ಬಂದಾಗ ಗೊತ್ತಾಯಿತು, ತ್ರಿಕೋನಮಿತಿ ಅನ್ನುವುದು ನಮ್ಮ ಬ್ಯಾಚಿನ ಮುಕ್ಕಾಲು ಜನರ ತಲೆಯೊಳಗೆ ಬಂದೇ ಇಲ್ಲ ಅಂತ.

ಈಗ ಇನ್ನೊಂದು ಮಗ್ಗುಲು. ನಾನು ಹತ್ತನೆಯವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಎಲ್ಲಾ ಇಂಗ್ಲಿಷು. ಲೆಕ್ಚರರ್ ಒಳ್ಳೆಯವರೇ, ಆದರೆ ಎಂಬತ್ತು ಜನರ ಕ್ಲಾಸಿನಲ್ಲಿ ಎದ್ದು "ಸರ್, ಈಗ ಹೇಳಿದ್ದು ಇನ್ನೊಂದು ಸಲ ಹೇಳಿ" ಅನ್ನಲು ಬಾಯಿ ಬರುತ್ತಿರಲಿಲ್ಲ. ಆಗ ನನ್ನನ್ನು ದಡ ಸೇರಿಸಿದ್ದು ಯೂಟ್ಯೂಬಿನಲ್ಲಿ ಕನ್ನಡದಲ್ಲಿ ವಿವರಿಸುವ ವಿಡಿಯೋಗಳೇ. ಪೇಟೆಯಲ್ಲಿ ಚಿಕ್ಕಮ್ಮನ ಮನೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬಂದು, ಫೋನನ್ನು ನೀರಿನ ಚೊಂಬಿಗೆ ಆನಿಸಿ ಇಟ್ಟು, ಒಂದೊಂದು ಸಾಲಿಗೂ ನಿಲ್ಲಿಸಿ ಬರೆದುಕೊಳ್ಳುತ್ತಿದ್ದೆ. ಒಂದೇ ಲೆಕ್ಕವನ್ನು ನಾಲ್ಕು ಸಲ ಹೇಳಿಸಿಕೊಂಡರೂ ವಿಡಿಯೋ ಮುಖ ಸಿಂಡರಿಸುವುದಿಲ್ಲ ನೋಡಿ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕ್ಲಾಸಿನಲ್ಲಿ ಬೇಡ ಅಂದವರಲ್ಲಿ ಹುಡುಗಿಯರು ಎಷ್ಟು ಜನ ಅಂತ ನೋಡಿ. ಬ್ಯಾಗ್ ಹಾಕಿಕೊಂಡು ಬಸ್ಸು ಹತ್ತಿದರೆ ನಾನು ಓದುವ ಹುಡುಗಿ. ಅದೇ ಮನೆಯಲ್ಲಿ ಇಯರ್‌ಫೋನ್ ಹಾಕಿ ಕೂತರೆ "ಬೆಳಗ್ಗೆಯಿಂದ ಮೊಬೈಲ್ ನೋಡುತ್ತಾ ಕೂತಿದ್ದಾಳೆ". ಕ್ಲಾಸ್ ನಡೆಯುತ್ತಾ ಇರುವಾಗಲೇ ಅಡಿಕೆ ಸುಲಿಯಲು ಕರೆಯುತ್ತಾರೆ, ನೆಂಟರು ಬಂದರೆ ಕಾಫಿ ಮಾಡು ಅನ್ನುತ್ತಾರೆ. ಅಮ್ಮನದ್ದು ತಪ್ಪು ಅಂತಲ್ಲ, ಅವರ ಕಣ್ಣಿಗೆ ನಾನು ಮನೆಯಲ್ಲಿ ಖಾಲಿ ಇದ್ದೇನೆ. ಇನ್ನು ಖರ್ಚಿನ ಮಾತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ ಓಡಾಡುವ ಕಡೆ ಹುಡುಗಿಯರಿಗೆ ಕಾಲೇಜಿಗೆ ಹೋಗಲು ದುಡ್ಡೇ ಬೇಡ. ಡೇಟಾ ಪ್ಯಾಕಿಗೆ ಬೇಕು!

---

ಪಾಲಿಟೆಕ್ನಿಕ್ ಹುಡುಗ

ಡಿಪ್ಲೊಮಾ ಮೆಕ್ಯಾನಿಕಲ್. ನಮ್ಮ ಸೀನಿಯರ್ಸ್ ಲಾಕ್‌ಡೌನ್‌ನಲ್ಲಿ ಲೇತ್ ಮಷಿನ್ ಪಾಠವನ್ನು ಫೋನಿನಲ್ಲಿ ಕೇಳಿದವರು. ಟೂಲ್ ಜಾಸ್ತಿ ಒಳಗೆ ಕೊಟ್ಟರೆ ಒಂದು ಕಿರ್ರ್ ಶಬ್ದ ಬರುತ್ತದೆ, ನಮ್ಮ ಇನ್‌ಸ್ಟ್ರಕ್ಟರ್ ಶೆಡ್ಡಿನ ಆ ತುದಿಯಲ್ಲಿ ಟೀ ಕುಡಿಯುತ್ತಾ ಇದ್ದರೂ ಅದನ್ನು ಕೇಳಿ "ಯಾವನೋ ಅವನು, ಕಟ್ ಕಡಿಮೆ ಕೊಡೋ" ಅಂತ ಕೂಗುತ್ತಾರೆ. ಯೂಟ್ಯೂಬ್ ಅದನ್ನು ಕೂಗುತ್ತದಾ? ಥಿಯರಿಗೆ ವಿಡಿಯೋ ಓಕೆ. ವರ್ಕ್‌ಶಾಪಿಗೆ ಬೇಡವೇ ಬೇಡ.

---

ಎರಡನೇ ಸಲ ಓದುವವಳು

ಎಲ್ಲರೂ ಕ್ಲಾಸೇ ಚೆಂದ ಅನ್ನುತ್ತಿದ್ದೀರಿ, ನನ್ನದು ಸ್ವಲ್ಪ ತಕರಾರು ಇದೆ. ಕ್ಲಾಸಿಗೆ ಹೋಗಲು ಸಮಯ ಇರುವವರ ಮಾತು ಅದು.

ನಾನು ತುಮಕೂರಿನಲ್ಲಿ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮಗಳು ಮೂರನೇ ಕ್ಲಾಸು. ಕರಾಮುವಿಯಲ್ಲಿ (ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ) ದೂರಶಿಕ್ಷಣದಲ್ಲಿ ಎಂ.ಕಾಂ. ಮಾಡುತ್ತಿದ್ದೇನೆ. ರಾತ್ರಿ ಪಾತ್ರೆ ತೊಳೆಯುವಾಗ ಕಿವಿಗೆ ಹಾಕಿಕೊಂಡು ಪಾಠ ಕೇಳುತ್ತೇನೆ, ಲೆಕ್ಕದ ವಿಷಯ ಆದರೆ ಮಾತ್ರ ಕೂತು ನೋಡುತ್ತೇನೆ. ಇದು ಇಲ್ಲದಿದ್ದರೆ ನಾನು ಓದುತ್ತಲೇ ಇರಲಿಲ್ಲ. ಕ್ಲಾಸಾ, ಆನ್‌ಲೈನಾ ಅನ್ನುವ ಆಯ್ಕೆ ನನ್ನಂಥವರಿಗೆ ಎಲ್ಲಿದೆ?

ಆದರೂ ಒಂದು ಮಾತು ನಿಜ. ಒಬ್ಬಳೇ ಓದುವಾಗ ನಾನು ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಉಳಿದವರು ಎಷ್ಟು ಓದಿದ್ದಾರೆ, ನನಗೆ ಕಷ್ಟ ಆಗಿದ್ದು ಅವರಿಗೂ ಕಷ್ಟ ಆಯಿತಾ, ಇದೆಲ್ಲ ಕ್ಲಾಸಿನಲ್ಲಿ ಕೇಳದೆಯೇ ತಿಳಿಯುತ್ತದೆ. ನಮ್ಮ ಬ್ಯಾಚಿನ ಕೆಲವರು ಸೇರಿ ವಾಟ್ಸಾಪ್ ಗ್ರೂಪ್ ಮಾಡಿಕೊಂಡ ಮೇಲೆ ಜೀವ ಬಂತು. ನನ್ನ ಅರ್ಧ ಓದು ಅಲ್ಲೇ ನಡೆಯುತ್ತದೆ.

ಇನ್ನು ಕೆಲಸಕ್ಕೆ ಇಂಟರ್‌ವ್ಯೂಗೆ ಹೋದರೆ "ಓ, ಕರೆಸ್ಪಾಂಡೆನ್ಸಾ?" ಅಂತ ಒಂದು ರಾಗ ಎಳೆಯುತ್ತಾರೆ. ಮಾನ್ಯತೆ ಇರುವ ವಿಶ್ವವಿದ್ಯಾಲಯ ಕೊಡುವ ದೂರಶಿಕ್ಷಣದ, ಆನ್‌ಲೈನ್ ಪದವಿ ಮಾಮೂಲಿ ಪದವಿಗೆ ಸಮ ಅಂತ ಯುಜಿಸಿ 2022ರಲ್ಲೇ ಸ್ಪಷ್ಟ ಮಾಡಿದೆ. ಆ ರಾಗ ಮಾತ್ರ ಹೋಗಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೂ ಆ ಅಳುಕು ಇರಬಹುದು, ಆನ್‌ಲೈನ್ ಅಂದರೆ ಎರಡನೇ ದರ್ಜೆ ಅಂತ.

---

ಒಂದರಿಂದ ಐದು

ನಾನು ಪ್ರೈಮರಿ ಟೀಚರ್. ಬಿಎಸ್ಸಿ ಮಕ್ಕಳ ವಿಷಯ ನನಗೆ ಗೊತ್ತಿಲ್ಲ, ಚಿಕ್ಕವರದ್ದು ಹೇಳುತ್ತೇನೆ.

2020ರ ಜೂನ್‌ನಲ್ಲಿ ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠವೇ ಬೇಡ ಅಂತ ಸರ್ಕಾರ ಹೇಳಿತ್ತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ನಾವೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿ, ಮರದ ಕಟ್ಟೆ, ಎಲ್ಲಿ ನೆರಳು ಇತ್ತೋ ಅಲ್ಲಿ ಮಕ್ಕಳನ್ನು ಕೂರಿಸಿ ಪಾಠ ಮಾಡಿದೆವು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ಫೋನ್ ಇದ್ದ ಮಕ್ಕಳಿಗೆ ವಿಡಿಯೋ ಕಾಲ್ ಮಾಡುತ್ತಿದ್ದೆ. ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ "ಟೀಚರ್, ನಾನು ಕಾಣಿಸ್ತಾ ಇದ್ದೀನಾ?" ಒಬ್ಬ ಹುಡುಗನಂತೂ ಪುಸ್ತಕ ತೋರಿಸಲು ಅದನ್ನು ಕ್ಯಾಮೆರಾಕ್ಕೆ ಎಷ್ಟು ಹತ್ತಿರ ಹಿಡಿಯುತ್ತಿದ್ದ ಅಂದರೆ ನನಗೆ ಕಾಣುತ್ತಿದ್ದದ್ದು ಬರೀ ಬಿಳಿ.

ಚಿಕ್ಕವರಿಗೆ ಟೀಚರ್ ಕಣ್ಣಿಗೆ ಬೀಳಬೇಕು ಅನ್ನುವ ಹಟ. ನಿಮ್ಮ ದೊಡ್ಡ ಮಕ್ಕಳು ಕ್ಯಾಮೆರಾ ಆಫ್ ಮಾಡುತ್ತಾರಂತೆ. ಅವರಿಗೆ ಆ ಆಸೆ ಪೂರ್ತಿ ಹೋಗಿದೆ ಅಂತ ನನಗೆ ನಂಬಿಕೆ ಇಲ್ಲ ಸರ್. ಹಿಂದಿನ ಬೆಂಚಿನಲ್ಲಿ ಕೂತವನಿಗೂ ಮೇಷ್ಟ್ರು ಒಂದು ಸಲ ತನ್ನ ಕಡೆ ನೋಡಲಿ ಅಂತ ಇರುತ್ತದೆ, ಪ್ರಶ್ನೆ ಮಾತ್ರ ಕೇಳದೆ ಇರಲಿ ಅಂತಲೂ ಇರುತ್ತದೆ.

---

ಫಿಸಿಕ್ಸ್ ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಸುಳ್ಯದ ತಂಗಿ ಹೇಳಿದ್ದನ್ನು ಕ್ಲಾಸಿನಲ್ಲಿ ಹೆಸರು ಎತ್ತದೆ ವಿಚಾರಿಸಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನನಗೆ ಅಷ್ಟು ಸಾಕಾಯಿತು.

ಪಾಲಿಟೆಕ್ನಿಕ್ ಹುಡುಗನ ಮಾತು ನಮ್ಮ ಲ್ಯಾಬಿಗೂ ಸರಿಯಾಗಿ ಹೊಂದುತ್ತದೆ. ಸ್ಪೆಕ್ಟ್ರೋಮೀಟರ್ ಅಡ್ಜಸ್ಟ್ ಮಾಡುವುದನ್ನು ವಿಡಿಯೋದಲ್ಲಿ ನೋಡಿದರೆ ಸಲೀಸು. ಕ್ರಾಸ್‌ವೈರ್ ಮೇಲೆ ಸೋಡಿಯಂನ ಹಳದಿ ಗೆರೆ ಕೂರಿಸಿ ವರ್ನಿಯರ್ (ಸಣ್ಣ ಅಳತೆ ಓದುವ ಸ್ಕೇಲು) ಓದಲು ಹೇಳಿದರೆ ಗೊತ್ತಾಗುತ್ತದೆ. ಟೇಬಲ್ ತುಂಬಾ ರೀಡಿಂಗ್ ಬರೆದು, ಉತ್ತರ ಎಲ್ಲೆಲ್ಲೋ ಹೋಗಿ, ನಾನು ಹಿಂದೆ ನಿಂತು ನೋಡಿದರೆ ವರ್ನಿಯರ್‌ನಲ್ಲಿ ಸೊನ್ನೆಯ ಗೆರೆಯನ್ನೇ ತಪ್ಪು ಹಿಡಿದಿರುತ್ತಾರೆ. ಹಿಂದೆ ನಿಂತು ನೋಡದಿದ್ದರೆ ಆ ತಪ್ಪು ಯಾರಿಗೂ ಸಿಗುವುದಿಲ್ಲ.

ಹಾಗಾಗಿ ಪ್ರಿನ್ಸಿಪಾಲರಿಗೆ ಹೀಗೆ ಹೇಳೋಣ ಅಂತಿದ್ದೇನೆ. ಶನಿವಾರದ ಲೈವ್ ಕ್ಲಾಸ್ ಬೇಡ. ಡೆರಿವೇಷನ್‌ಗಳನ್ನು ನಾನೇ ಕನ್ನಡ ಇಂಗ್ಲಿಷ್ ಬೆರೆಸಿ ಚಿಕ್ಕ ಚಿಕ್ಕ ವಿಡಿಯೋ ಮಾಡಿ ಕಾಲೇಜಿನ ವೈಫೈನಲ್ಲೇ ಡೌನ್‌ಲೋಡ್ ಮಾಡಿಸುತ್ತೇನೆ. ಥಿಯರಿಯಲ್ಲಿ ಉಳಿದ ಪೀರಿಯಡ್ ಲೆಕ್ಕ ಬಿಡಿಸಲು, ಶನಿವಾರ ಬರುವುದಾದರೆ ಲ್ಯಾಬಿಗೆ ಬರಲಿ. ಹಾಜರಿಯನ್ನು ಏನು ಮಾಡಬೇಕು ಅನ್ನುವುದೇ ತಲೆಬಿಸಿ. ವಿಡಿಯೋ ನೋಡಿದ್ದಕ್ಕೆ ಹಾಜರಿ ಕೊಡಿ ಅಂತ ಆಫೀಸಿನವರು ಈಗಲೇ ಶುರು ಮಾಡಿದ್ದಾರೆ.

---

ಏಳನೇ ಸೆಮ್

ಅದೊಂದು ಮಾಡಬೇಡಿ ಸರ್. ಹಾಜರಿ ಕೊಟ್ಟರೆ ವಿಡಿಯೋವನ್ನು ಮ್ಯೂಟ್ ಮಾಡಿ ಓಡಿಸಿ ಸ್ನಾನಕ್ಕೆ ಹೋಗುತ್ತೇವೆ. ಸೋಮವಾರ ಕ್ಲಾಸಿನಲ್ಲಿ ಅದರ ಮೇಲೆ ಒಂದೇ ಒಂದು ಲೆಕ್ಕ ಕೊಡಿ, ಐದು ಅಂಕಕ್ಕೆ. ನೋಡಿಕೊಂಡು ಬರುತ್ತಾರೆ.

ಮತ್ತೆ ಪಿಪಿಟಿ ಹಾಕಿ ಓದಬೇಡಿ, ದಯವಿಟ್ಟು. ಕಾಗದದ ಮೇಲೆ ಪೆನ್ನಿನಲ್ಲಿ ಬರೆಯುವುದನ್ನು ಮೇಲಿನಿಂದ ಫೋನಿನಲ್ಲಿ ತೆಗೆಯಿರಿ, ನಿಮ್ಮ ಕೈ ಹೋದ ಹಾಗೆ ನಮ್ಮ ತಲೆ ಹೋಗುತ್ತದೆ. ತಪ್ಪು ಬರೆದರೆ ಹೊಡೆದು ಹಾಕಿ ಮುಂದೆ ಬರೆಯಿರಿ, ಎಡಿಟ್ ಮಾಡುತ್ತಾ ಕೂರಬೇಡಿ.

---

ಸುಳ್ಯ ಕಡೆಯವಳು

ಒಂದು ಕಾಲರ್ ಮೈಕ್ ತೆಗೆದುಕೊಳ್ಳಿ ಸರ್, ಜಾಸ್ತಿ ಬೆಲೆಯದ್ದು ಬೇಡ. ಫೋನಿನ ಮೈಕಿನಲ್ಲಿ ಬರೀ ಫ್ಯಾನಿನ ಸದ್ದೇ ಬರುತ್ತದೆ. ಆಮೇಲೆ ವಿಡಿಯೋ ಸೈಜ್ ಚಿಕ್ಕದಿರಲಿ, ನಮ್ಮ ಫೋನುಗಳಲ್ಲಿ ಜಾಗ ಇರುವುದಿಲ್ಲ. ಆದಷ್ಟು 480p ಕ್ವಾಲಿಟಿಯಲ್ಲೇ ಕೊಡಿ, ಅಕ್ಷರ ದಪ್ಪ ಬರೆದರೆ ಅಷ್ಟರಲ್ಲೇ ಕಾಣುತ್ತದೆ.